ಕಾರ್ ಶೆಡ್ಡಿನಲ್ಲಿ ಗಟ್ಟಿ ವರ್ಕ್‌ಬೆಂಚ್: ಹಳೆ ಮನೆಯ ಪಕ್ಕಾಸು ಉಂಟು, ಮಳೆಗಾಲದ ಮೊದಲು ಮುಗಿಸಬೇಕು

ಕಟಪಾಡಿಯವ

ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ ಹಂಚಿನ ಮನೆ ಬಿಚ್ಚಿ ಆಯ್ತು. ಮಾಡಿನ ಪಕ್ಕಾಸು (ಮಾಡನ್ನು ಹೊರುವ ಓರೆ ಮರ), ರೀಪು (ಅದರ ಮೇಲೆ ಅಡ್ಡ ಹೊಡೆದ ತೆಳು ಪಟ್ಟಿ), ಹಂಚು ಎಲ್ಲ ಹಿತ್ತಲಿನ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿದೆ. ಪಕ್ಕಾಸು ಹೆಚ್ಚಿನವು 4 ಇಂಚು ಅಗಲ, 2 ಇಂಚು ದಪ್ಪ. ಕೆಲವು ಹಲಸು, ಕೆಲವು ಮತ್ತಿ ಅಂತ ಮಾವ ಹೇಳ್ತಾರೆ. ಕೇಳಲಿಕ್ಕೆ ಬಂದವರು ಸೌದೆಯ ರೇಟು ಹೇಳಿದರು, ಕೊಡಲಿಕ್ಕೆ ಮನಸ್ಸು ಬರಲಿಲ್ಲ.

ಹೊಸ ಮನೆಯ ಕಾರ್ ಶೆಡ್ಡು 18 ಅಡಿ ಉದ್ದ, 10 ಅಡಿ ಅಗಲ. ಮೂರು ಬದಿ ಕೆಂಪುಕಲ್ಲಿನ ಗೋಡೆ, ಎದುರು ಶಟರ್, ನೆಲ ಸಿಮೆಂಟ್. ಅಲ್ಲಿ ಒಂದು ಸರಿಯಾದ ವರ್ಕ್‌ಬೆಂಚ್ ಮಾಡಬೇಕು ಅಂತ ಬಹಳ ಸಮಯದ ಆಸೆ. ಮರ ಕೀಸಲಿಕ್ಕೆ, ಸ್ಕೂಟರಿನ ಬಿಡಿಭಾಗ ಬಿಚ್ಚಲಿಕ್ಕೆ, ಕತ್ತಿ ಹರಿತ ಮಾಡಲಿಕ್ಕೆ ಬೇಕು. ಈಗ ಇರುವುದು ಹಳೆಯ ಊಟದ ಮೇಜು. ಹಲಗೆ ಕೀಸುವಾಗ ಅದೇ ಮುಂದೆ ಮುಂದೆ ಹೋಗ್ತದೆ, ಒಬ್ಬರು ಹಿಡಿದು ನಿಲ್ಲಬೇಕು.

ಮರದ್ದು ಮಾಡುವುದಾ, ಕಬ್ಬಿಣದ್ದು ಮಾಡುವುದಾ? ಗೋಡೆಗೆ ಬಿಗಿಯಬೇಕಾ? ಎತ್ತರ ಎಷ್ಟು ಇಡಬೇಕು? ಜೂನ್‌ನಲ್ಲಿ ಮಳೆ ಹಿಡಿದರೆ ಮರದ ಕೆಲಸ ನಿಲ್ತದೆ, ಅದಕ್ಕೆ ಈಗಲೇ ಕೇಳ್ತಾ ಇದ್ದೇನೆ.

ಬೈಕಂಪಾಡಿ ಫ್ಯಾಬ್ರಿಕೇಶನ್

ಕಬ್ಬಿಣದ ಫ್ರೇಮ್ ಮಾಡಿಸಿ, ಒಂದೇ ದಿನದ ಕೆಲಸ. 50×50 ಚೌಕ ಟ್ಯೂಬು, 2 ಮಿಮೀ ದಪ್ಪದ್ದು ಸಾಕು. ಅದು ಮೀಟರಿಗೆ ಸುಮಾರು 3 ಕೆಜಿ ಬರ್ತದೆ. ಆರು ಅಡಿ ಬೆಂಚಿಗೆ ಎಲ್ಲ ಸೇರಿ 12 ಮೀಟರ್ ಹಿಡಿಯಿರಿ, 36 ಕೆಜಿ ಆಯ್ತು. ಗೆದ್ದಲಿನ ಚಿಂತೆ ಇಲ್ಲ.

ಆದರೆ ನಮ್ಮ ಕರಾವಳಿಯಲ್ಲಿ ಎರಡು ವಿಷಯ ಬಿಡಬಾರದು. ಟ್ಯೂಬಿನ ಬಾಯಿ ತೆರೆದಿಡಬೇಡಿ. ಉಪ್ಪುಗಾಳಿ ಒಳಗೆ ಹೋದರೆ ತುಕ್ಕು ಒಳಗಿನಿಂದ ಹಿಡೀತದೆ. ಹೊರಗೆ ಪೇಂಟ್ ಚೆಂದ ಕಾಣ್ತಾ ಇರ್ತದೆ, ಕಾಲಿನ ಬುಡ ಒಂದು ದಿನ ಒತ್ತಿದರೆ ಒಳಗೆ ಹೋಗ್ತದೆ. ಎಲ್ಲ ತುದಿಗೂ ತಗಡಿನ ತುಂಡು ಇಟ್ಟು ಸುತ್ತ ವೆಲ್ಡ್ ಮಾಡಿಸಿ. ಎರಡನೆಯದ್ದು, ಜಿಐ ಟ್ಯೂಬು ತಂದರೆ ವೆಲ್ಡ್ ಮಾಡುವ ಜಾಗದ ಸತುವಿನ ಲೇಪ ಮೊದಲು ಗ್ರೈಂಡ್ ಮಾಡಿ ತೆಗೆಯಬೇಕು. ಆ ಹೊಗೆ ಉಸಿರಿಗೆ ಹೋದರೆ ಸಂಜೆಗೆ ಚಳಿಜ್ವರ ಬರ್ತದೆ. ಮುಚ್ಚಿದ ಶೆಡ್ಡಿನೊಳಗೆ ಆ ಕೆಲಸ ಬೇಡವೇ ಬೇಡ.

ಮೂಡುಬಿದಿರೆ ಆಚಾರಿ

ಫ್ಯಾಬ್ರಿಕೇಶನಿನವರು ಹೇಳಿದ್ದು ಸರಿ, ಸ್ಕೂಟರ್ ಕೆಲಸ ಮಾತ್ರ ಆದರೆ ನಾನೂ ಅದನ್ನೇ ಹೇಳ್ತಿದ್ದೆ. ಆದರೆ ಇವರು ಮರ ಕೀಸಬೇಕು ಅಂತಾರೆ, ಅದೂ ಅಷ್ಟು ಮರ ಮನೆಯಲ್ಲೇ ಇಟ್ಟುಕೊಂಡು. ಕಟಪಾಡಿಯವರೇ, ಆ ಪಕ್ಕಾಸು ಒಂದನ್ನೂ ಕೊಡಬೇಡಿ. ಹೊಸ ಮರ ಮಿಲ್ಲಿನಿಂದ ತಂದರೆ ಹಸಿ ಇರ್ತದೆ. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅಂತ ನಮ್ಮ ಹಿರಿಯರ ಲೆಕ್ಕ. ನಿಮ್ಮದು ಹಂಚಿನ ಅಡಿಯಲ್ಲಿ, ಅಡಿಗೆಮನೆಯ ಹೊಗೆಯಲ್ಲಿ ಎರಡು ತಲೆಮಾರು ಒಣಗಿದ ಮರ. ಇನ್ನು ಅದು ತಿರುಚುವುದಿಲ್ಲ, ಸೀಳುವುದಿಲ್ಲ. ದುಡ್ಡು ಕೊಟ್ಟರೂ ಈಗ ಅಂಥದ್ದು ಸಿಗುವುದಿಲ್ಲ.

ಮೊದಲು ಮರ ನೋಡುವ ಕೆಲಸ. ಪಕ್ಕಾಸಿನ ತುದಿ, ಗೋಡೆಯ ಮೇಲೆ ಕೂತಿದ್ದ ಭಾಗ ಉಂಟಲ್ಲ, ಅಲ್ಲೇ ನೀರು ನಿಂತು ಕುಂಬಾಗಿರ್ತದೆ. ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ. ಒಳಗೆ ಇಳಿದರೆ ಗಟ್ಟಿ ಸಿಗುವವರೆಗೆ ಕತ್ತರಿಸಿ ಬಿಸಾಡಿ. ಸುತ್ತಿಗೆಯಿಂದ ತಟ್ಟಿ ಕೇಳಿ. ಒಳ್ಳೆ ಮರ ಖಣ್ ಅಂತದೆ, ಗೆದ್ದಲು ತಿಂದದ್ದು ಮೊದ್ದು ಸದ್ದು ಮಾಡ್ತದೆ. ಮತ್ತೆ ಮೊಳೆ. ರೀಪು ಹೊಡೆದ ಮೊಳೆಯ ತಲೆ ಮುರಿದು ಒಳಗೇ ಉಳಿದಿರ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತ ಒಂದು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಓಡಿಸಿ, ಮೊಳೆ ಇದ್ದಲ್ಲಿ ಎಳೀತದೆ. ಇದು ಮಾಡದೆ ಕೀಸುಳಿ ಇಡಬೇಡಿ.

ಹಲಸು, ಮತ್ತಿ ಬೇರೆ ಬೇರೆ ಇಡಿ. ಕೀಸಿದಾಗ ಹಲಸು ಹಳದಿ-ಕಂದು, ಮತ್ತಿ ಕಪ್ಪು-ಕಂದು, ಮತ್ತಿಯ ತೂಕವೂ ಜಾಸ್ತಿ. ಕಾಲಿಗೆ ಮತ್ತಿ ಹಾಕಿ. ಹಲಸು ಕೀಸಲಿಕ್ಕೆ ಒಳ್ಳೆಯದು, ಚೆಂಡೆಯ ಕಳಸೆಗೆ, ಅಂದರೆ ಅದರ ಮರದ ಕೊಳವೆಗೆ, ಅದನ್ನೇ ಆರಿಸುವುದು ಸುಮ್ಮನೆ ಅಲ್ಲ. ಅಡ್ಡಪಟ್ಟಿಗಳಿಗೆ ಅದು ಆಯ್ತು.

ಕಟಪಾಡಿಯವ

ಆಚಾರ್ರೇ, ಬಹಳ ಉಪಕಾರ. ಕಾಲಿಗೆ 4×4 ಬೇಕಲ್ಲ, ನನ್ನ ಹತ್ತಿರ ಇರುವುದು 4×2 ಮಾತ್ರ. ಮತ್ತೆ ತೂತು ಕೊರೆದು ಕೂರಿಸುವ ಜೋಡಣೆ ಮಾಡುವಷ್ಟು ಕೈ ನನಗೆ ಇನ್ನೂ ಪಳಗಿಲ್ಲ.

ಮೂಡುಬಿದಿರೆ ಆಚಾರಿ

4×2 ಇರುವುದೇ ನಿಮಗೆ ಅನುಕೂಲ. ಎರಡು ತುಂಡು ಮುಖಕ್ಕೆ ಮುಖ ಅಂಟಿಸಿದರೆ 4×4 ಕಾಲು ಆಯ್ತು. ಉಳಿ ಹಿಡಿಯದೆ ಜೋಡಣೆಯ ಜಾಗವೂ ಅದರಲ್ಲೇ ಬರ್ತದೆ. ಹೇಗೆ ಅಂದರೆ, ಎದುರಿನ ಪದರ ಪೂರ್ತಿ ಉದ್ದ, ಮೂವತ್ತೆರಡೂವರೆ ಇಂಚು. ಹಿಂದಿನ ಪದರವನ್ನು ಒಂದೇ ತುಂಡು ಹಾಕಬೇಡಿ. ಕೆಳಗಿನಿಂದ 6 ಇಂಚಿನ ತುಂಡು ಅಂಟಿಸಿ, ಅದರ ಮೇಲೆ 4 ಇಂಚು ಖಾಲಿ ಬಿಡಿ, ಮತ್ತೆ ಹದಿನೆಂಟೂವರೆ ಇಂಚಿನ ತುಂಡು, ಮೇಲೆ ಪುನಃ 4 ಇಂಚು ಖಾಲಿ. ಆ ಎರಡು ಖಾಲಿ ಜಾಗಕ್ಕೆ ಉದ್ದದ ಅಡ್ಡಪಟ್ಟಿಗಳು ಬಂದು ಕೂರ್ತವೆ. ಭಾರವೆಲ್ಲ ಮರದ ಮೇಲೆ ಮರ ಹೊರ್ತದೆ, ಬೋಲ್ಟಿನ ಮೇಲೆ ಬೀಳುವುದಿಲ್ಲ. ಅಂಟಿಸುವಾಗ ಅಡ್ಡಪಟ್ಟಿಯದ್ದೇ ಒಂದು ಚೂರು ಆ ಜಾಗದಲ್ಲಿ ಅಳತೆಗೆ ಇಟ್ಟುಕೊಂಡು ತುಂಡು ಕೂರಿಸಿ. ಅಂಟು ಹಿಡಿಯುವ ಮೊದಲು ಅದನ್ನು ತೆಗೆಯಿರಿ.

ಕಾಲಿನ ಎರಡು ಪದರಕ್ಕೆ ಅಂಟು, ಅಡ್ಡಪಟ್ಟಿಗೆ ಬೋಲ್ಟು. ಅಡ್ಡಪಟ್ಟಿಗೆ ಅಂಟು ಹಾಕಬೇಡಿ. ನಾಳೆ ಮನೆಯವರು ಜಾಗ ಬದಲಿಸಬೇಕು ಅಂದರೆ ಬಿಚ್ಚಲಿಕ್ಕೆ ಬರಬೇಕು.

10 ಮಿಮೀ ಬೋಲ್ಟು, ಒಂದು ಜೋಡಣೆಗೆ ಎರಡು. ಎರಡನ್ನೂ ಓರೆಯಾಗಿ, ಒಂದು ಮೇಲೆ ಎಡಕ್ಕೆ, ಒಂದು ಕೆಳಗೆ ಬಲಕ್ಕೆ ಕೊಡಿ. ಒಂದೇ ಬೋಲ್ಟು ಹಾಕಿದರೆ ಪಟ್ಟಿ ಅದರ ಸುತ್ತ ತಿರುಗ್ತದೆ, ಮೇಜು ಅಲುಗಾಡಲಿಕ್ಕೆ ಶುರುವಾಗುವುದು ಅಲ್ಲಿಂದಲೇ. ಉದ್ದದ ಪಟ್ಟಿಗೆ 5 ಇಂಚಿನ ಬೋಲ್ಟು, ಗಿಡ್ಡ ಪಟ್ಟಿಗೆ 7 ಇಂಚಿನದ್ದು. ಗಿಡ್ಡ ಪಟ್ಟಿಗಳನ್ನು ಉದ್ದ ಪಟ್ಟಿಗಿಂತ ಒಂದು ಪಟ್ಟಿಯಷ್ಟು ಕೆಳಗೆ, ಕಾಲಿನ ಹೊರಮೈಗೆ ಕೊಡಿ, ಆಗ ಎರಡು ದಿಕ್ಕಿನ ಬೋಲ್ಟು ಒಳಗೆ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ನಟ್ಟಿನ ಅಡಿಗೆ ದೊಡ್ಡ ವಾಶರ್ ಕಡ್ಡಾಯ, ಇಲ್ಲದಿದ್ದರೆ ಬಿಗಿ ಮಾಡಿದ ಹಾಗೆ ಮರದೊಳಗೆ ಹೂತು ಹೋಗ್ತದೆ.

ಉಳ್ಳಾಲ ಹುಡುಗ

ಒಟ್ಟು ಎಷ್ಟು ಮರ ಬೇಕಾಗಬಹುದು ಆಚಾರ್ರೇ? ನನ್ನ ಹತ್ತಿರ ಹಳೆ ಮರ ಇಲ್ಲ, ಕ್ರಯಕ್ಕೆ ತರಬೇಕು.

ಮೂಡುಬಿದಿರೆ ಆಚಾರಿ

ರೇಟು ಮಿಲ್ಲಿಂದ ಮಿಲ್ಲಿಗೆ ಬೇರೆ, ಅದು ಬಿಡುವ. ಅಳತೆ ಹೇಳ್ತೇನೆ. ನಾಲ್ಕು ಕಾಲು, 66 ಇಂಚಿನ ನಾಲ್ಕು ಉದ್ದಪಟ್ಟಿ, 22 ಇಂಚಿನ ನಾಲ್ಕು ಗಿಡ್ಡಪಟ್ಟಿ, ಇಂಚಿನ ಲೆಕ್ಕದಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ 2.8 ಸಿಎಫ್‌ಟಿ, ಅಂದರೆ ಘನ ಅಡಿ ಬರ್ತದೆ. ಕತ್ತರಿಸಿ, ಕೀಸಿ ಹೋಗುವುದು ಸೇರಿಸಿ ಮೂರೂಕಾಲು ಹೇಳಿ. ತಮ್ಮಾ, ನೀನು ಅಕೇಶಿಯಾ ತಂದರೆ ಕಡಿಮೆಗೆ ಆಗ್ತದೆ. ಆದರೆ ಹಸಿ ಅಕೇಶಿಯಾ ತಿರುಚುವುದು ಜಾಸ್ತಿ, ಒಣಗಿದ್ದೇ ಕೇಳಿ ತಾ.

ಸುರತ್ಕಲ್ ಸಿವಿಲ್

ನಾನು ಕಟ್ಟಡದ ಕೆಲಸದವನು, ಮರದ ವಿಷಯದಲ್ಲಿ ಆಚಾರ್ಯರ ಮಾತಿಗೆ ಸೇರಿಸುವುದು ಏನೂ ಇಲ್ಲ. ಜಾಗ ಮತ್ತು ನೆಲದ ಬಗ್ಗೆ ಹೇಳುತ್ತೇನೆ.

ನಾಲ್ಕು ಮೀಟರಿನ ಒಳಗಿನ ಕಾರು ಅಂದರೆ 13 ಅಡಿ ಉದ್ದ. ಶೆಡ್ಡು 18 ಅಡಿ. ಉಳಿದ 5 ಅಡಿಯಲ್ಲಿ ಬೆಂಚಿಗೆ 2 ಅಡಿ ಹೋದರೆ ನಿಂತು ಕೆಲಸ ಮಾಡಲು 3 ಅಡಿ ಸಿಗುತ್ತದೆ. ಬದಿಯ ಗೋಡೆಗೆ ಬೆಂಚು ಹಾಕಿದರೆ 10 ಅಡಿ ಅಗಲದಲ್ಲಿ ಕಾರಿನ ಬಾಗಿಲು ತೆರೆಯುವುದೇ ಕಷ್ಟ. ಹಾಗಾಗಿ ಶಟರಿಗೆ ಎದುರಿನ ಹಿಂಗೋಡೆಗೇ ಹಾಕಿ. ಗ್ರೈಂಡರ್ ಹಿಡಿಯುವ ದಿನ ಕಾರನ್ನು ಹೊರಗೆ ನಿಲ್ಲಿಸಿ. ಅದರ ಕಿಡಿ ಗಾಜಿಗೆ ತಾಗಿದರೆ ಕರಗಿ ಅಂಟುತ್ತದೆ, ಉಜ್ಜಿದರೂ ಹೋಗುವುದಿಲ್ಲ.

ಶೆಡ್ಡಿನ ನೆಲ ಸಮ ಇರುವುದಿಲ್ಲ. ತೊಳೆದ ನೀರು ಹೊರಗೆ ಹೋಗಲೆಂದು ಶಟರಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. 1:100 ಇದ್ದರೂ 22 ಇಂಚಿನಲ್ಲಿ ಸುಮಾರು ಕಾಲು ಇಂಚು ವ್ಯತ್ಯಾಸ. ರಸಮಟ್ಟ ಇಟ್ಟು ಅಳೆದು ಎದುರಿನ ಕಾಲುಗಳನ್ನು ಅಷ್ಟು ಉದ್ದ ಇಡಿ. ಕಾಲಿನ ಅಡಿಗೆ ರಟ್ಟು, ಕಾಗದ ಮಡಚಿ ಇಡುವುದು ಬೇಡ, ಮೊದಲ ಮಳೆಗೇ ಮೆತ್ತಗಾಗುತ್ತದೆ.

ಗೋಡೆಗೆ ಬಿಗಿಯುವ ಪ್ರಶ್ನೆ. ಕೆಂಪುಕಲ್ಲು ತೂತುತೂತಾದ ಕಲ್ಲು. ಮಾಮೂಲಿ ಪ್ಲಾಸ್ಟಿಕ್ ಗಟ್ಟ ಹಾಕಿ ಸ್ಕ್ರೂ ತಿರುಗಿಸಿದರೆ ಇವತ್ತು ಹಿಡಿಯುತ್ತದೆ, ಬೆಂಚಿನ ಅಲುಗಾಟಕ್ಕೆ ಪುಡಿಯಾಗುತ್ತಾ ಸಡಿಲವಾಗುತ್ತದೆ. ಹಿಗ್ಗುವ ಆಂಕರ್ ಬೋಲ್ಟು ಕೂಡ ಮೆದು ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಬಿಗಿಯಲೇಬೇಕಾದರೆ ಗಾರೆಯ ಸಂದಿಯನ್ನು ಬಿಟ್ಟು ಕಲ್ಲಿನ ನಡುವೆ 6 ಇಂಚು ಆಳಕ್ಕೆ ಕೊರೆದು, ಧೂಳು ಊದಿ ತೆಗೆದು, ಕೆಮಿಕಲ್ ಆಂಕರ್ (ತೂತಿನೊಳಗೆ ಗಟ್ಟಿಯಾಗುವ ಅಂಟು) ಹಾಕಿ ರಾಡು ಕೂರಿಸಬೇಕು. ನನ್ನ ಅಭಿಪ್ರಾಯದಲ್ಲಿ ಬೆಂಚು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಗೋಡೆಯಿಂದ 2 ಇಂಚು ದೂರ ಇಡಿ. ಜುಲೈ ತಿಂಗಳಲ್ಲಿ ಕೆಂಪುಕಲ್ಲಿನ ಗೋಡೆ ನೀರು ಕುಡಿದು ನಿಂತಿರುತ್ತದೆ, ತಾಗಿದ ಮರಕ್ಕೆಲ್ಲ ಬೂಷ್ಟು.

ಗೋಡೆಯ ಆಧಾರ ಇಲ್ಲದೆ ಅಲುಗಾಟ ನಿಲ್ಲಿಸುವುದು ತ್ರಿಕೋನ. ನಾಲ್ಕು ಪಟ್ಟಿಯ ಚೌಕವನ್ನು ಮೂಲೆ ಹಿಡಿದು ತಳ್ಳಿದರೆ ಓರೆಯಾಗುತ್ತದೆ, ಒಂದು ಕರ್ಣ ಕೊಟ್ಟ ಕೂಡಲೇ ಅದು ಆಗದು. ಹಿಂದಿನ ಎರಡು ಕಾಲಿನ ನಡುವೆ ಕೆಳಮೂಲೆಯಿಂದ ಮೇಲ್ಮೂಲೆಗೆ ಒಂದು ಓರೆಪಟ್ಟಿ ಬೋಲ್ಟು ಮಾಡಿ. ಎರಡು ಬದಿಗೆ ಪ್ಲೈವುಡ್ ತುಂಡು ಸ್ಕ್ರೂ ಮಾಡಿದರೆ ಆ ದಿಕ್ಕೂ ಮುಗಿಯಿತು. ಜನ ಮೇಲಿನ ಹಲಗೆಯ ದಪ್ಪಕ್ಕೇ ದುಡ್ಡು ಸುರಿಯುತ್ತಾರೆ. ಬೆಂಚು ನಿಲ್ಲುವುದು ಕಾಲಿನ ಕಟ್ಟಿನಲ್ಲಿ.

ಮೂಡುಬಿದಿರೆ ಆಚಾರಿ

ಕೊನೆಯ ಮಾತಿಗೆ ನನ್ನ ಒಪ್ಪಿಗೆ ಉಂಟು. ಎದುರಿನ ಕಾಲಿಗೆ ಮಾತ್ರ ಒಂದು ಸೂಕ್ಷ್ಮ: ಕಾಲಿನ ಎದುರುಮುಖ ಮತ್ತು ಮೇಲಿನ ಹಲಗೆಯ ಅಂಚು ಒಂದೇ ಗೆರೆಗೆ ಬರಬೇಕು. ಹಲಗೆ ಮುಂದೆ ಚಾಚಬಾರದು. ಬಾಗಿಲಿನ ಪಟ್ಟಿಯ ಅಂಚು ಕೀಸುವಾಗ ಅದನ್ನು ಕಾಲಿಗೂ ಹಲಗೆಗೂ ಒಟ್ಟಿಗೆ ಕ್ಲಾಂಪ್ ಮಾಡಲಿಕ್ಕೆ ಆಗ ಬರ್ತದೆ.

ಉಳ್ಳಾಲ ಹುಡುಗ

ಮೇಲೆ ಹಾಕಲಿಕ್ಕೆ ಹಳೆ ಫ್ಲಶ್ ಡೋರ್ ಆಗ್ತದಾ? ನಮ್ಮಲ್ಲಿ ಒಂದು ಉಂಟು.

ಬೈಕಂಪಾಡಿ ಫ್ಯಾಬ್ರಿಕೇಶನ್

ತಟ್ಟಿ ನೋಡಿ. ಒಳಗೆ ಟೊಳ್ಳು ಕೇಳಿದರೆ ಬೇಡ, ವೈಸಿನ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ) ಬೋಲ್ಟು ಬಿಗಿ ಮಾಡುವಾಗ ಕುಸೀತದೆ. ಒಳಗೆ ಪೂರ್ತಿ ಮರದ ಪಟ್ಟಿ ತುಂಬಿದ್ದಾದರೆ ಹಗುರ ಕೆಲಸಕ್ಕೆ ಆಗ್ತದೆ. ಕತ್ತರಿಸಿದ ಅಂಚಿಗೆ ಪೇಂಟ್ ಹಾಕದೆ ಬಿಡಬೇಡಿ, ಅಲ್ಲಿಂದ ನೀರು ಎಳೆದು ಊದಿಕೊಳ್ತದೆ.

ಮೂಡುಬಿದಿರೆ ಆಚಾರಿ

ಕಟಪಾಡಿಯವರಿಗೆ ನಾನು ಪ್ಲೈವುಡ್ ಹೇಳುವುದು. ಆಚಾರಿಯಾಗಿ ಹಲಗೆಯನ್ನೇ ಹೇಳಬೇಕಿತ್ತು, ಆದರೆ ನಮ್ಮ ಹವೆ ನೋಡಿ ಹೇಳ್ತೇನೆ. ಎರಡು ಅಡಿ ಅಗಲದ ಗಟ್ಟಿ ಮರದ ಹಲಗೆ ಜನವರಿಯಿಂದ ಜುಲೈಗೆ ಅಗಲದಲ್ಲಿ 5ರಿಂದ 7 ಮಿಮೀ ಹಿಗ್ಗುತ್ತದೆ, ಪುನಃ ಕುಗ್ಗುತ್ತದೆ. ಅದಕ್ಕೆ ಸ್ಕ್ರೂವಿನ ತೂತನ್ನು ಉದ್ದಕ್ಕೆ ಮಾಡಿ ಬಿಟ್ಟುಕೊಡಬೇಕು, ಇಲ್ಲದಿದ್ದರೆ ನಡುವೆ ಸೀಳ್ತದೆ. ಪ್ಲೈವುಡ್ಡಿನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಆ ಕಷ್ಟ ಇಲ್ಲ.

18 ಮಿಮೀ ಮರೀನ್ ಪ್ಲೈ, ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರ್ತದೆ. ಆ ದರ್ಜೆಯ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷೆ ಮಾಡ್ತಾರೆ. 8×4ರ ಒಂದೇ ಹಾಳೆ ಸಾಕು. ಉದ್ದಕ್ಕೆ ಸೀಳಿಸಿ ಎರಡು ಅಡಿ ಅಗಲದ ಎರಡು ಪಟ್ಟಿ ಮಾಡಿ, ಪ್ರತಿಯೊಂದನ್ನೂ 6 ಅಡಿಗೆ ಕತ್ತರಿಸಿ. ಒಂದರ ಮೇಲೆ ಒಂದು ಅಂಟಿಸಿದರೆ 36 ಮಿಮೀ ಹಲಗೆ. ಉಳಿದ ಎರಡು 2×2 ತುಂಡು ಉಂಟಲ್ಲ, ಸಿವಿಲ್‌ನವರು ಹೇಳಿದ ಬದಿಯ ಆಧಾರಕ್ಕೆ ಅದೇ. ಗಿಡ್ಡ ಪಟ್ಟಿಗಳ ನಡುವಿನ ಹದಿನೆಂಟೂವರೆ ಇಂಚಿಗೆ ಕತ್ತರಿಸಿ ಕಾಲುಗಳಿಗೆ ಸ್ಕ್ರೂ ಮಾಡಿ. ಹೆಚ್ಚು ಹಾಳಾಗುವುದಿಲ್ಲ.

ಅಂಟಿಸುವಾಗ ಫೆವಿಕಾಲ್ ಮರೀನ್ ಪೂರ್ತಿ ಹರಡಿ, ಸ್ಕ್ರೂ ಅಡಿಯಿಂದ ಕೊಡಿ. ಮೇಲ್ಮೈಯಲ್ಲಿ ಎಲ್ಲಿಯೂ ಕಬ್ಬಿಣದ ತಲೆ ಇರಬಾರದು, ಕೀಸುಳಿಯ ಅಲಗು ತಾಗ್ತದೆ. ಮೇಲೆ ಹಂಚಿನ ರಾಶಿ ಇಟ್ಟು ರಾತ್ರಿ ಬಿಡಿ. ಹಾಗೆಯೇ ಎಲ್ಲದರ ಮೇಲೆ ಒಂದು 6 ಮಿಮೀ ಪ್ಲೈ, ಅಂಟು ಇಲ್ಲದೆ, ನಾಲ್ಕು ಮೂಲೆಯಲ್ಲಿ ತಲೆ ಹೂತ ಸ್ಕ್ರೂ ಮಾತ್ರ. ಪೆಟ್ಟು, ಗ್ರೀಸು, ಗರಗಸದ ಗಾಯ ಎಲ್ಲ ಅದಕ್ಕೇ ಆಗಲಿ. ಹಾಳಾದಾಗ ಬದಲಿಸಿದರೆ ಆಯ್ತು. ಆ ಜಾಗಕ್ಕೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನಮ್ಮ ಮಳೆಗೆ ಅದು ಊದಿ ಪುಡಿಯಾಗ್ತದೆ.

ಕೋಟೇಶ್ವರ ಟೀಚರ್

ಎತ್ತರದ ವಿಷಯ ಯಾರೂ ಎತ್ತಲಿಲ್ಲ. ಮೂವತ್ತೆರಡೂವರೆ ಇಂಚಿನ ಕಾಲು, ಅದರ ಮೇಲೆ ಹಲಗೆ, ಹೀಗೆ 34 ಇಂಚು ಅಂತ ಅಳತೆಯೊಳಗೆ ಬಂದು ಹೋಯಿತು. ಅದು ಐದೂವರೆ ಅಡಿ ದಾಟಿದವರಿಗೆ ಸರಿ. ನಾನು ಐದು ಅಡಿ ಎರಡು ಇಂಚು. ಆ ಎತ್ತರದ ಬೆಂಚಿನಲ್ಲಿ ಕೀಸಿದರೆ ಶಕ್ತಿಯೆಲ್ಲ ಭುಜದಿಂದ ಬರಬೇಕಾಗುತ್ತದೆ, ಮಾರನೆಯ ದಿನ ಕೈ ಎತ್ತಲಾಗದು. ಕೈ ಇಳಿಬಿಟ್ಟು ನೇರ ನಿಂತು ನೆಲದಿಂದ ಮಣಿಕಟ್ಟಿನವರೆಗೆ ಅಳೆಯಿರಿ. ಕೀಸುವ ಬೆಂಚಿಗೆ ಅದೇ ಎತ್ತರ. ಮೈಭಾರ ಆಗ ಕೀಸುಳಿಯ ಮೇಲೆ ತಾನಾಗಿ ಬೀಳುತ್ತದೆ. ಕೆಲಸ ಮಾಡುವಾಗ ಹಾಕುವ ಚಪ್ಪಲಿ ಹಾಕಿಕೊಂಡೇ ಅಳೆಯಬೇಕು.

ಸಣ್ಣ ಕೆಲಸಕ್ಕೆ, ಕೆತ್ತನೆಗೆ, ಸ್ಕೂಟರಿನ ಕಾರ್ಬ್ಯುರೇಟರಿಗೆ ಆ ಎತ್ತರ ತಗ್ಗಾಯಿತು, ಸೊಂಟ ಬಾಗುತ್ತದೆ. ಅದಕ್ಕೆ ಬೆಂಚಿನ ಮೇಲೆ ಇಡುವ ಆರೇಳು ಇಂಚಿನ ಗಟ್ಟಿ ಪೆಟ್ಟಿಗೆ ಒಂದು ಮಾಡಿಕೊಂಡು ಕ್ಲಾಂಪ್ ಮಾಡಿ. ಬೆಂಚನ್ನೇ ಎತ್ತರಿಸಿದರೆ ಕೀಸುವುದು ಹೋಯಿತು.

ಬೆಳಕು ಹಿಂದಿನಿಂದ ಬಂದರೆ ನಮ್ಮದೇ ನೆರಳು ಗೆರೆಯ ಮೇಲೆ ಬೀಳುತ್ತದೆ. ನಾಲ್ಕು ಅಡಿಯ ಎಲ್‌ಇಡಿ ಬ್ಯಾಟನ್ ಬೆಂಚಿನ ಎದುರಿನ ಅಂಚಿಗೆ ನೇರ ಮೇಲೆ ಹಾಕಿಸಿ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ ಕಟ್ಟುವ ಊರು ನಮ್ಮದು. ಪ್ಲಗ್ ಪಾಯಿಂಟು ಬೆಂಚಿನಿಂದ ಮೇಲೆ ಗೋಡೆಯಲ್ಲಿರಲಿ, ಅರ್ತಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಗ್ರೈಂಡರ್ ಹಿಡಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕಟಪಾಡಿಯವ

ಟೀಚರೇ, ಧನ್ಯವಾದ. ಈಗಲೇ ಅಳೆದೆ, ಚಪ್ಪಲಿ ಸೇರಿ ಸರಿಯಾಗಿ 34 ಬಂತು.

ಇನ್ನೊಂದು ಸಂಶಯ. ಶೆಡ್ಡಿನ ಬಾಗಿಲಿನಿಂದ ಇರ್ಚಲು ಒಳಗೆ ಬರ್ತದೆ, ನೆಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯೇ. ಕಾಲಿನ ಬುಡ ಹೇಗೆ ಉಳಿಸುವುದು?

ಮಲ್ಪೆ ದಕ್ಕೆ

ಇದು ನನ್ನ ವಿಷಯ. ದೋಣಿ ರಿಪೇರಿ ಮಾಡುವವನು ನಾನು.

ಮರ ನೀರು ಎಳೆಯುವುದು ಕತ್ತರಿಸಿದ ತುದಿಯಿಂದ. ಕಾಲಿನ ಬುಡ ಅಂದರೆ ಪೂರ್ತಿ ಕತ್ತರಿಸಿದ ತುದಿಯೇ. ಹಳೆ ಗುತ್ತಿನ ಮನೆಗಳಲ್ಲಿ ನೋಡಿ, ಚಾವಡಿಯ ಮರದ ಕಂಬ ಒಂದೂ ನೆಲಕ್ಕೆ ತಾಗಿರುವುದಿಲ್ಲ, ಕಲ್ಲಿನ ಪೀಠದ ಮೇಲೆ ಕೂತಿರ್ತದೆ. ಅದನ್ನೇ ಮಾಡಿ. ಗ್ರಾನೈಟ್ ಅಂಗಡಿಯಲ್ಲಿ ಬಿಸಾಡುವ ಚೂರು ಇರ್ತದೆ, ಮುಕ್ಕಾಲು ಇಂಚು ದಪ್ಪದ್ದು. 5×5 ಇಂಚಿಗೆ ನಾಲ್ಕು ತುಂಡು ಕತ್ತರಿಸಿ ತನ್ನಿ. ಕಾಲನ್ನು ಅಷ್ಟು ಕಡಿಮೆ ಮಾಡಿ ಅದರ ಮೇಲೆ ನಿಲ್ಲಿಸಿ. ಕಲ್ಲಿಗೂ ಮರಕ್ಕೂ ನಡುವೆ ತೆಳು ರಬ್ಬರ್ ಶೀಟು.

ಬುಡಕ್ಕೆ ಎಪಾಕ್ಸಿ ಹಾಕಿದರೂ ಆಗ್ತದೆ. ನಾವು ಹಿಂದಿನಿಂದ ಹಾಕುವುದು ಗೇರೆಣ್ಣೆ, ಗೇರುಬೀಜದ ಚಿಪ್ಪಿನಿಂದ ತೆಗೆದ ಕಪ್ಪೆಣ್ಣೆ. ದೋಣಿಗೂ ಅದೇ, ಮನೆಯ ಪಕ್ಕಾಸಿಗೂ ಅದೇ. ನಿಮ್ಮ ಮಾಡಿನ ಮರ ಕಪ್ಪಾಗಿದ್ದರೆ ಅಜ್ಜ ಅದನ್ನೇ ಹಚ್ಚಿಸಿರಬಹುದು. ಗೆದ್ದಲು ಹತ್ತಿರ ಬರುವುದಿಲ್ಲ, ನೀರು ಹಿಡಿಯುವುದಿಲ್ಲ. ಆದರೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳ್ತದೆ. ಕೈಗೆ ರಬ್ಬರ್ ಗವಸು, ತುಂಬುಕೈಯ ಅಂಗಿ ಹಾಕಿ, ಕಣ್ಣು ಮುಟ್ಟಬೇಡಿ. ಒಣಗಲಿಕ್ಕೂ ಸಮಯ ಬೇಕು, ಅಂಟಂಟು ಇರ್ತದೆ. ಕಾಲಿನ ಕೆಳಗಿನ ಆರು ಇಂಚಿಗೆ ಮಾತ್ರ ಹಚ್ಚಿ, ಅಂಟಿಸುವ ಮುಖಗಳಿಗೆ ಖಂಡಿತ ತಾಗಿಸಬೇಡಿ.

ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ತೆಗೆದುಕೊಳ್ಳುವುದಾದರೆ 304 ದರ್ಜೆಯದ್ದು ಸಾಕಾ, 316 ಬೇಕಾ ಅಂತ ಅಂಗಡಿಯಲ್ಲಿ ಕೇಳ್ತಾರೆ. 316ರಲ್ಲಿ ಮಾಲಿಬ್ಡಿನಂ ಉಂಟು, ಉಪ್ಪುನೀರಿಗೆ ತಡೀತದೆ. ಅದು ದೋಣಿಗೆ. ಶೆಡ್ಡಿನೊಳಗೆ 304 ಧಾರಾಳ. ಬಿಸಿ ಸತುವಿನಲ್ಲಿ ಅದ್ದಿದ ಬೋಲ್ಟೂ ನಡೀತದೆ. ಹಳದಿ ಹೊಳಪಿನ ತೆಳು ಲೇಪದ್ದು ಮಾತ್ರ ಎರಡು ಮಳೆಗಾಲ ಬಾಳುವುದಿಲ್ಲ.

ಸುರತ್ಕಲ್ ಸಿವಿಲ್

ಮಲ್ಪೆಯವರ ಗ್ರಾನೈಟ್ ಉಪಾಯ ಬಹಳ ಒಳ್ಳೆಯದು. ಇಳಿಜಾರಿನ ವ್ಯತ್ಯಾಸವನ್ನೂ ಅಲ್ಲೇ ಸರಿಮಾಡಬಹುದು. ಎದುರಿನ ಕಲ್ಲುಗಳ ಅಡಿಗೆ ತೆಳ್ಳಗೆ ಸಿಮೆಂಟ್ ಗಾರೆ ಹಾಕಿ ರಸಮಟ್ಟಕ್ಕೆ ಕೂರಿಸಿ, ಆಗ ನಾಲ್ಕು ಕಾಲೂ ಒಂದೇ ಅಳತೆ.

ಕಟಪಾಡಿಯವ

ಕಾಲು ಅಂಟಿಸಿ ಆಯ್ತು. ಕೀಸಿದಾಗ ಮತ್ತಿಯ ಬಣ್ಣ ನೋಡಿ ಮಾವ ಅಲ್ಲೇ ಕುರ್ಚಿ ಹಾಕಿ ಕೂತರು. ಕೆಳಗಿನ ಅಟ್ಟಕ್ಕೆ ಪ್ಲೈ ಉಳಿಯಲಿಲ್ಲ, ರೀಪುಗಳನ್ನೇ ಒಂದೊಂದು ಇಂಚು ಬಿಟ್ಟು ಹೊಡೆಯುವುದಾ ಅಂತ ಯೋಚನೆ. ಕೀಸುವಾಗ ಕದಲದ ಹಾಗೆ ಬೆಂಚಿನ ತೂಕ ಸಾಕಾಗ್ತದಾ?

ಮೂಡುಬಿದಿರೆ ಆಚಾರಿ

ರೀಪೇ ಒಳ್ಳೆಯದು, ಗಾಳಿ ಓಡ್ತದೆ, ಚಕ್ಕೆ ಹುಡಿ ಕೆಳಗೆ ಬೀಳ್ತದೆ. ತೂಕಕ್ಕೆ ನಿಮ್ಮ ಹಂಚುಗಳಿಲ್ಲವಾ? ಒಂದು ಮಂಗಳೂರು ಹಂಚು 2ರಿಂದ 3 ಕೆಜಿ ಉಂಟು. ನಲ್ವತ್ತು ಹಂಚು ನಿಲ್ಲಿಸಿ ಜೋಡಿಸಿದರೆ ನೂರು ಕೆಜಿಯ ಹತ್ತಿರ ಆಯ್ತು. ಬೆಂಚಿನ ಮರ, ಹಲಗೆ ಎಲ್ಲ ಸೇರಿ 80-90 ಕೆಜಿ ಬರಬಹುದು. ಅದರ ಮೇಲೆ ಇದು ಸೇರಿದರೆ ಎಷ್ಟು ಕೀಸಿದರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಭಾರ ಕೆಳಗೆ ಇದ್ದಷ್ಟು ಒಳ್ಳೆಯದು.

ಕೋಟೇಶ್ವರ ಟೀಚರ್

ಹಂಚಿನ ಹಿಂದೆ ಮುದ್ರೆ ಇದ್ದರೆ ನೋಡಿ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಮುದ್ರೆಯದ್ದು ಸಿಕ್ಕರೆ ಅದನ್ನು ಭಾರಕ್ಕೆ ಹಾಕದೆ ಎತ್ತಿಡಿ.

ಕಟಪಾಡಿಯವ

ಟೀಚರೇ, ನೋಡ್ತೇನೆ ಖಂಡಿತ. ಮೇಲ್ಮೈಗೆ ಎಂತ ಹಚ್ಚುವುದು? ಅಗಸೆ ಎಣ್ಣೆ ಅಂತ ಎಲ್ಲ ಕಡೆ ಬರೆದಿರ್ತಾರೆ.

ಮಲ್ಪೆ ದಕ್ಕೆ

ನಮ್ಮ ಊರಿಗೆ ಅದು ಬೇಡ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಗಸೆ ಎಣ್ಣೆಯ ಮೇಲೆ ಬೂಷ್ಟು ಬೆಳೀತದೆ. ತೆಳ್ಳಗೆ ಎರಡು ಕೈ ಪಿಯು (ಪಾಲಿಯುರೆಥೇನ್) ಪಾಲಿಶ್ ಸಾಕು, ಅಂಚುಗಳಿಗೆ ಮೂರು ಕೈ. ಅಗಸೆ ಎಣ್ಣೆಯನ್ನೇ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹಿಡೀತದೆ. ಹೊರಗೆ ಹರಡಿ ಒಣಗಿಸಿ.

ಉಳ್ಳಾಲ ಹುಡುಗ

ಉಳಿ, ಕೀಸುಳಿಗೆ ಮಳೆಗಾಲದಲ್ಲಿ ತುಕ್ಕು ಬಾರದ ಹಾಗೆ ತೆಂಗಿನೆಣ್ಣೆ ಹಚ್ಚಿದರೆ ಆಗ್ತದಾ?

ಕೋಟೇಶ್ವರ ಟೀಚರ್

ತೆಂಗಿನೆಣ್ಣೆ ಕೆಲವು ವಾರಕ್ಕೆ ಕಮಟು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬಟ್ಟೆಯಲ್ಲಿ ತೆಳ್ಳಗೆ ಒರೆಸಿ ಸಾಕು. ಸಣ್ಣ ಕಪಾಟಿನೊಳಗೆ ಹಳೆಯ ತಂತಿಯ ಬಲ್ಬು ಒಂದು ಉರಿಸಿಟ್ಟರೆ ಒಳಗಿನ ಗಾಳಿ ಎರಡು ಮೂರು ಡಿಗ್ರಿ ಬೆಚ್ಚಗಾಗಿ ತೇವ ಕೂರುವುದಿಲ್ಲ. ಬಟ್ಟೆ, ಮರ ಬಲ್ಬಿಗೆ ತಾಗದ ಹಾಗೆ ಜಾಲರಿ ಇರಲಿ. ಎಲ್‌ಇಡಿ ಇಟ್ಟರೆ ಶಾಖ ಸಾಲದು.

ಕಟಪಾಡಿಯವ

ಬೆಂಚು ನಿಂತಿತು! ಗೋಡೆಗೆ ತಾಗಿಸಲಿಲ್ಲ. ಓರೆಪಟ್ಟಿ ಬಿಗಿ ಮಾಡುವ ಮೊದಲು ಕೈಯಲ್ಲಿ ತಳ್ಳಿದರೆ ಸ್ವಲ್ಪ ಓಲಾಡ್ತಿತ್ತು, ಬೋಲ್ಟು ಬಿಗಿದ ಮೇಲೆ ನಾನು, ತಮ್ಮ ಇಬ್ಬರೂ ತಳ್ಳಿ ನೋಡಿದೆವು, ಅಲುಗಲಿಲ್ಲ. ಆಚಾರ್ರೇ, ಸಿವಿಲ್ ಸರ್, ಮಲ್ಪೆಯವರೇ, ಟೀಚರೇ, ನಿಮ್ಮೆಲ್ಲರ ಉಪಕಾರ. ಮುದ್ರೆಯ ಹಂಚು ಕೆಲವು ಸಿಕ್ಕಿತು, ಬೇರೆ ಇಟ್ಟಿದ್ದೇನೆ.

ವೈಸ್ ತಂದಿದ್ದೇನೆ, ನಾಲ್ಕು ಇಂಚಿನದ್ದು. ಎಲ್ಲಿ ಕೂರಿಸುವುದು?

ಬೈಕಂಪಾಡಿ ಫ್ಯಾಬ್ರಿಕೇಶನ್

ಎದುರಿನ ಕಾಲಿಗೆ ನೇರ ಮೇಲೆ. ಎರಡು ಕಾಲಿನ ನಡುವೆ ಹಾಕಿದರೆ ಸುತ್ತಿಗೆ ಹೊಡೆದಾಗ ಹಲಗೆ ಕುಣೀತದೆ, ಪೆಟ್ಟು ಅರ್ಧ ಹಾಳು. ನೀವು ಬಲಗೈಯವರಾದರೆ ಬಲಬದಿ ಕಾಲು ನನ್ನ ಆಯ್ಕೆ, ಉದ್ದ ಪೈಪು ಹಿಡಿದು ಕೊಯ್ಯುವಾಗ ಉಳಿದ ಭಾಗ ಬೆಂಚಿನ ಮೇಲೆ ಕೂರ್ತದೆ. ಕದಲದ ದವಡೆ ಬೆಂಚಿನ ಅಂಚಿನಿಂದ ಒಂದು ನೂಲಿನಷ್ಟು ಹೊರಗೆ ಇರಲಿ, ಆಗ ಉದ್ದ ರಾಡನ್ನು ನೆಟ್ಟಗೆ ಹಿಡಿದರೆ ಹಲಗೆಗೆ ತಾಗದೆ ಕೆಳಗೆ ಇಳೀತದೆ. ಸ್ಕ್ರೂ ಸಾಲದು, ಹಲಗೆಯ ಪೂರ್ತಿ ಆಚೆ ಹೋಗುವ ಬೋಲ್ಟು, ಅಡಿಯಲ್ಲಿ ವಾಶರಿನ ಬದಲು 6 ಮಿಮೀ ಕಬ್ಬಿಣದ ಪಟ್ಟಿ ಕೊಡಿ. ಪಟ್ಟಿ ಬೇಕಾದರೆ ಕತ್ತರಿಸಿ ತೂತು ಹೊಡೆದು ಇಡ್ತೇನೆ, ಬಂದು ತೆಗೆದುಕೊಂಡು ಹೋಗಿ.

ಮೂಡುಬಿದಿರೆ ಆಚಾರಿ

ವೈಸಿನ ದವಡೆಗೆ ಹಲಸಿನ ಎರಡು ತುಂಡು ಮಾಡಿಟ್ಟುಕೊಳ್ಳಿ, ಮರ ಹಿಡಿಯುವಾಗ ಹಲ್ಲಿನ ಗುರುತು ಬೀಳಬಾರದು.

ಮತ್ತೆ ಬೋಲ್ಟುಗಳನ್ನು ಈಗ ಜೀವ ಬಿಟ್ಟು ಬಿಗಿ ಮಾಡಬೇಡಿ. ಮಳೆಗೆ ಮರ ಸ್ವಲ್ಪ ಊದ್ತದೆ, ವಾಶರ್ ಒತ್ತಿ ಕೂರ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಪುನಃ ಕುಗ್ಗಿ ಸಡಿಲ ಆಗ್ತದೆ, ಆಗ ಎಲ್ಲ ಬೋಲ್ಟಿಗೂ ಒಂದು ಸುತ್ತು ಕೊಡಿ.

ಕಟಪಾಡಿಯವ

ಆಯ್ತು ಆಚಾರ್ರೇ. ಸ್ಪ್ಯಾನರ್ ಎಷ್ಟರದ್ದು ತರುವುದು?

ಬೈಕಂಪಾಡಿ ಫ್ಯಾಬ್ರಿಕೇಶನ್

10 ಮಿಮೀ ಬೋಲ್ಟಿಗೆ ಹೆಚ್ಚಾಗಿ 17, ಕೆಲವು ಕಂಪೆನಿಯದ್ದಕ್ಕೆ 16. ಒಂದು ನಟ್ಟು ಕಿಸೆಯಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.